7 ಎಳೆಯ ಕ್ಯಾಟ್ 6 ಪ್ಯಾಚ್ ಕೇಬಲ್: 160 ಮೆಗಾಹರ್ಟ್ಸ್ ಹತ್ರ ರಿಟರ್ನ್ ಲಾಸ್ ಯಾಕೆ ಹಾಳಾಗ್ತಿದೆ?

ಪೀಣ್ಯ_ಹುಡುಗ

ಎಲ್ರಿಗೂ ನಮಸ್ಕಾರ, ಪ್ರಶ್ನೆ ಸ್ವಲ್ಪ ಉದ್ದ ಇದೆ ಬೇಜಾರ್ ಮಾಡ್ಕೋಬೇಡಿ. ನಾನು ಪೀಣ್ಯದಲ್ಲಿ ಒಂದು ಸಣ್ಣ ಕೇಬಲ್ ಫ್ಯಾಕ್ಟರಿಲಿ ಕೆಲ್ಸ ಮಾಡ್ತೀನಿ, ಓದಿದ್ದು ಡಿಪ್ಲೊಮಾ. ನಮ್ಮಲ್ಲಿ ಜಾಸ್ತಿ ಮನೆ ವೈರಿಂಗ್ ತಂತೀನೇ, ಜೊತೆಗೆ ಮೂರು ವರ್ಷದಿಂದ ಸಾಲಿಡ್ (ಒಂದೇ ಗಟ್ಟಿ ತಂತಿ) ತಾಮ್ರದ ಕ್ಯಾಟ್ 5ಇ ನೆಟ್‌ವರ್ಕ್ ಕೇಬಲ್ ಮಾಡ್ತಿದೀವಿ, ಅದು ಟೆಸ್ಟಲ್ಲಿ ಒಂದ್ಸಲಾನೂ ತೊಂದ್ರೆ ಕೊಟ್ಟಿಲ್ಲ. ಈಗ ನಮ್ಮ ಓನರ್ ಕ್ಯಾಟ್ 6 ಪ್ಯಾಚ್ ಕಾರ್ಡಿನ ಕೇಬಲ್ ಆರ್ಡರ್ ಹಿಡ್ಕೊಂಡ್ ಬಂದಿದಾರೆ, ಪ್ಯಾಚ್ ಕಾರ್ಡ್ (ಗೋಡೆ ಸಾಕೆಟ್ಟಿಂದ ಕಂಪ್ಯೂಟರ್‌ಗೆ ಹಾಕೋ ಸಣ್ಣ ಕೇಬಲ್) ಅಂದ್ಮೇಲೆ ಬಳುಕ್ಬೇಕಲ್ಲ, ಅದಕ್ಕೆ ಸ್ಟ್ರಾಂಡೆಡ್, ಅಂದ್ರೆ ಸಣ್ಣ ಎಳೆಗಳ ಕಂಡಕ್ಟರ್.

ಮಾಡಿದ್ದು ಇಷ್ಟು. 24 ಗೇಜಿಗೆ (ಗೇಜ್ ಅಂದ್ರೆ ತಂತಿ ದಪ್ಪದ ನಂಬರ್, ನಂಬರ್ ಏರಿದಷ್ಟೂ ತಂತಿ ಸಣ್ಣ) 0.20 ಮಿಮೀ ಎಳೆ 7 ಸೇರ್ಸಿ ಬಂಚ್ ಮಾಡ್ಸಿದ್ವಿ, ಅಂದ್ರೆ ತಿರುಚಿ ಒಂದು ಕಟ್ಟು. ಇನ್ಸುಲೇಶನ್‌ಗೆ ಕ್ಯಾಟ್ 5ಇ ಡೈ ಸೆಟ್ಟಿಂಗೇ ಇಟ್ವಿ, ಅಂದ್ರೆ ಪಾಲಿಎಥಿಲೀನ್ ಹಾಕಿದ್ಮೇಲೆ ಹೊರಗಿನ ಡಯಾ 0.92 ಮಿಮೀ. ಗೇಜ್ ಒಂದೇ ಅಲ್ವಾ, ಡೈ ಯಾಕೆ ಬದಲಾಯ್ಸಬೇಕು ಅಂತ.

ಈಗ ಅನಲೈಸರ್‌ಗೆ ಹಾಕಿದ್ರೆ ಮೂರು ತಲೆನೋವು. ಇಂಪೀಡೆನ್ಸ್ (ಸಿಗ್ನಲ್‌ಗೆ ಕೇಬಲ್ ಒಡ್ಡೋ ತಡೆ) 100 ಓಮ್ ಇರ್ಬೇಕಾದ್ದು 89, 90 ತೋರಿಸ್ತಿದೆ. ಲಾಸ್, ಅಂದ್ರೆ ದಾರೀಲಿ ಸಿಗ್ನಲ್ ಕಮ್ಮಿ ಆಗೋದು, ಸಾಲಿಡ್‌ಗಿಂತ ಶೇಕಡಾ 17ರಷ್ಟು ಜಾಸ್ತಿ. ಮೂರನೇದು ಅರ್ಥಾನೇ ಆಗ್ತಿಲ್ಲ, ರಿಟರ್ನ್ ಲಾಸ್ (ಸಿಗ್ನಲ್ ಎಷ್ಟು ವಾಪಸ್ ಚಿಮ್ಮುತ್ತೆ ಅನ್ನೋ ಅಳತೆ, ಡಿಬಿ ಜಾಸ್ತಿ ಇದ್ದಷ್ಟೂ ಒಳ್ಳೇದು) ಗ್ರಾಫ್‌ನಲ್ಲಿ ಸರಿಯಾಗಿ 160 ಮೆಗಾಹರ್ಟ್ಸ್ ಹತ್ರ ಸೂಜಿ ಥರ ಒಂದು ಸ್ಪೈಕ್, ಎರಡೆರಡು ತಂತಿ ತಿರುಚಿದ ನಾಲ್ಕೂ ಪೇರ್‌ನಲ್ಲಿ. ಓನರ್ ಹೇಳೋದು "ತಾಮ್ರ ಕಮ್ಮಿ ಆಗಿದೆ, ಎಳೆ ದಪ್ಪ ಮಾಡು". ನಂಗ್ಯಾಕೋ ಅದಲ್ಲ ಅನ್ಸುತ್ತೆ, ಆದ್ರೆ ಹಾಗಂತ ಹೇಳೋಕೆ ಕೈಲಿ ಲೆಕ್ಕ ಇಲ್ಲ. ತಿಳಿದೋರು ದಾರಿ ತೋರ್ಸಿ.

---

ರ್‍ಯಾಕ್_ರಂಗ

ಗುರು, ನಾನು ಕೇಬಲ್ ಮಾಡೋನಲ್ಲ, ಎಳೆಯೋನು. ಹನ್ನೆರಡು ವರ್ಷದಿಂದ ಆಫೀಸುಗಳ ಫಾಲ್ಸ್ ಸೀಲಿಂಗ್ ಮೇಲೆ ಬಿದ್ದು ಒದ್ದಾಡ್ತಿದೀನಿ. ಲಾಸ್ ಬಗ್ಗೆ ನಂಗೊತ್ತಿರೋದು ಹೇಳ್ತೀನಿ, ಉಳಿದದ್ದಕ್ಕೆ ದೊಡ್ಡೋರು ಬರ್ತಾರೆ.

ಸ್ಟ್ರಾಂಡೆಡ್‌ನಲ್ಲಿ ಲಾಸ್ ಜಾಸ್ತಿ ಬರೋದು ತಪ್ಪೇ ಅಲ್ಲ, ಸ್ಟ್ಯಾಂಡರ್ಡೇ ಅದಕ್ಕೆ ಜಾಗ ಬಿಟ್ಟಿದೆ. ಟಿಐಎ (ಈ ಸ್ಟ್ಯಾಂಡರ್ಡ್ ಬರೆಯೋ ಅಮೆರಿಕದ ಸಂಸ್ಥೆ) ಲೆಕ್ಕದಲ್ಲಿ 24 ಗೇಜ್ ಪ್ಯಾಚ್ ಕೇಬಲ್‌ಗೆ ಸಾಲಿಡ್‌ನ 1.2 ಪಟ್ಟು, 26 ಗೇಜಿಗೆ 1.5 ಪಟ್ಟು, ಈಗ ರ್‍ಯಾಕ್ ತುಂಬ ಕಾಣೋ ಕಡ್ಡಿ ಥರದ 28 ಗೇಜಿಗೆ 1.95 ಪಟ್ಟು. ಹಾಗಾಗಿ ನಿನ್ನ 17 ಪರ್ಸೆಂಟ್ ಲಿಮಿಟ್ ಒಳಗಡೇನೇ ಇದೆ. ಅದಕ್ಕೇ ಗೋಡೆ ಒಳಗೆ 90 ಮೀಟರ್ ಸಾಲಿಡ್, ಎರಡೂ ತುದಿ ಸೇರಿ 10 ಮೀಟರ್ ಪ್ಯಾಚ್ ಅನ್ನೋ ಲೆಕ್ಕ. 102ರಲ್ಲಿ ಗೋಡೆ ಕೇಬಲ್ ಉದ್ದ ಕಳಿ, ಉಳಿದದ್ದನ್ನ ಆ ಪಟ್ಟಿನಿಂದ ಭಾಗ್ಸು, ಎಷ್ಟು ಪ್ಯಾಚ್ ಹಾಕ್ಬೋದು ಅಂತ ಬರುತ್ತೆ. 90 ಮೀಟರ್ ಗೋಡೇಲಿದ್ರೆ 24 ಗೇಜಲ್ಲಿ 10 ಮೀಟರ್, 26ರಲ್ಲಿ 8, 28ರಲ್ಲಿ 6 ಚಿಲ್ಲರೆ ಅಷ್ಟೇ. ಈ ಕೊನೇದು ಗೊತ್ತಿಲ್ದೆ ಸಣ್ಣ ಕಾರ್ಡ್ ಚೆನ್ನಾಗ್ ಕಾಣುತ್ತೆ ಅಂತ 10 ಮೀಟರ್ ಹಾಕಿಸ್ಕೊಂಡು ಆಮೇಲೆ ನಮಗೆ ಬೈದೋರು ಇದಾರೆ.

ಮತ್ತೆ ಓನರ್ ಖರ್ಚು ಉಳ್ಸೋಕೆ ತಾಮ್ರ ಮೆತ್ತಿದ ಅಲ್ಯೂಮಿನಿಯಂ ಅಂತ ಬಾಯ್ ಬಿಟ್ರೆ ಕೈ ಮುಗಿದು ಬೇಡ ಅನ್ನು. ಸ್ಟ್ಯಾಂಡರ್ಡ್ ಒಪ್ಪಲ್ಲ, ನೆಟ್ ಕೇಬಲ್ಲಲ್ಲೇ ಕರೆಂಟ್ ಕೊಡೋ ಪವರ್ ಓವರ್ ಈಥರ್ನೆಟ್‌ನಲ್ಲಿ ಬಿಸಿ ಆಗುತ್ತೆ. 2018ರಲ್ಲಿ ಬಂದ ಅದರ ಬಿಟಿ ಸ್ಟ್ಯಾಂಡರ್ಡ್‌ನಲ್ಲಿ ಸ್ವಿಚ್ ಕಡೆಯಿಂದ 90 ವ್ಯಾಟ್ ಹೋಗುತ್ತೆ, ತಮಾಷೆ ಅಲ್ಲ ಅದು.

---

ಸಿಗ್ನಲ್_ಸುಮಾ

ರಂಗ ಅವ್ರು ಹೇಳಿದ್ದು ಸರಿ, ಲಾಸ್ ಪಕ್ಕಕ್ಕಿಡಿ. ನಿಮ್ಮ ಓನರ್ "ತಾಮ್ರ ಕಮ್ಮಿ" ಅಂತಾರಲ್ಲ, ನಿಜ ಅದಕ್ಕೆ ಉಲ್ಟಾ. ನಿಮ್ಮ ತಂತಿ ದಪ್ಪ ಆಗಿದೆ, ಅದೇ ಮೊದಲ್ನೇ ಸಮಸ್ಯೆ.

24 ಗೇಜ್ ಸಾಲಿಡ್ ಅಂದ್ರೆ ಡಯಾ 0.511. ನಿಮ್ಮ 7 ಎಳೆ ಕಟ್ಟು ನೋಡಿ, ಮಧ್ಯ ಒಂದು ಸುತ್ತ ಆರು, ಅಂದ್ರೆ ಅಡ್ಡಕ್ಕೆ ಮೂರು ಎಳೆ, ಹೊರಗಿನ ಅಳತೆ 0.60 ಆಯ್ತು. ಗೇಜ್ ಅನ್ನೋದು ತಾಮ್ರದ ಒಟ್ಟು ಅಡ್ಡಕೊಯ್ತಕ್ಕೆ ಇಟ್ಟ ಹೆಸರು, ಆ 0.60 ಮಿಮೀ ವೃತ್ತದ ಒಳಗೆ ತಾಮ್ರ ತುಂಬೋದು 9ರಲ್ಲಿ 7 ಪಾಲು ಮಾತ್ರ, ಮಿಕ್ಕಿದ್ದು ಗಾಳಿ. ಇಂಪೀಡೆನ್ಸ್‌ಗೆ ಆ ತಾಮ್ರದ ತೂಕ ಬೇಡ, ಹೊರಗಿನ ರೂಪ ಮಾತ್ರ ಬೇಕು. ಹೊರಗಡೆ ಗುಂಡಗಿಲ್ದೆ ಆರು ಉಬ್ಬು ಇರೋದ್ರಿಂದ ಪೂರ್ತಿ 0.60 ಅಂತಾನೂ ತಗೊಳ್ಳಲ್ಲ, ಕೋಆಕ್ಸ್ ಕೇಬಲ್ ಡಿಸೈನ್ ಮಾಡೋರು 7 ಎಳೆಗೆ 0.939, 19 ಎಳೆಗೆ 0.970 ಅಂತ ಗುಣಿಸ್ತಾರೆ. ಅದೇ ಇಲ್ಲೂ ಹಾಕಿದ್ರೆ ನಿಮ್ಮ ತಂತಿ ವಿದ್ಯುತ್ತಿನ ಕಣ್ಣಿಗೆ 0.56 ಮಿಮೀ ಚಿಲ್ಲರೆ, ಲೆಕ್ಕಕ್ಕೆ 0.57 ಅಂತಿಟ್ಕೊಳ್ಳಿ.

ಈಗ ಇಂಪೀಡೆನ್ಸ್. ಜೋಡಿ ತಂತೀಲಿ ಅದು ಎರಡು ತಂತಿಯ ನಡುಮಧ್ಯದ ದೂರ ಮತ್ತು ತಂತಿ ಡಯಾ ಇವುಗಳ ಅನುಪಾತದ ಮೇಲೆ ನಿಂತಿದೆ. ಎರಡು ಇನ್ಸುಲೇಶನ್ ಒಂದಕ್ಕೊಂದು ತಾಗಿರೋದ್ರಿಂದ ನಡುಮಧ್ಯದ ದೂರ ಅಂದ್ರೆ ಇನ್ಸುಲೇಶನ್‌ನ ಡಯಾನೇ. ಸಾಲಿಡ್‌ನಲ್ಲಿ 0.92 ಭಾಗಿಸು 0.511 ಅಂದ್ರೆ 1.8, ಅದಕ್ಕೆ 100 ಓಮ್ ಬರ್ತಿತ್ತು. ಈಗ 0.92 ಭಾಗಿಸು 0.57 ಅಂದ್ರೆ 1.61, ಲೆಕ್ಕ ಹಾಕಿದ್ರೆ 89 ಓಮ್. ನಿಮ್ಮ ಅನಲೈಸರ್ ಏನು ತೋರಿಸ್ತಿದೆ ನೋಡ್ಕೊಳ್ಳಿ. 89 ಓಮ್‌ನ 100 ಓಮ್‌ಗೆ ಜೋಡಿಸಿದ್ರೆ ರಿಟರ್ನ್ ಲಾಸ್ 25 ಡಿಬಿ ಕೂಡ ಮುಟ್ಟಲ್ಲ, ಬೇರೆ ಯಾವ ದೋಷಾನೂ ಇಲ್ದಿದ್ರೂ. 10ರಿಂದ 20 ಮೆಗಾಹರ್ಟ್ಸ್‌ನಲ್ಲಿ ಕೇಳೋದೇ 25, ಅಂದ್ರೆ ಶುರುವಿಗೇ ಫೇಲ್.

ಎಳೆ ಇನ್ನೂ ದಪ್ಪ ಮಾಡಿದ್ರೆ ಇದು ಇನ್ನೂ ಕೆಳಗೆ ಹೋಗುತ್ತೆ. ಇದನ್ನ ಓನರ್‌ಗೆ ತೋರ್ಸಿ.

ಇನ್ನು ಲಾಸ್ ಯಾಕೆ ಅಂತ ಕುತೂಹಲ ಇದ್ರೆ. ಸ್ಕಿನ್ ಎಫೆಕ್ಟ್ ಕೇಳಿರ್ತೀರ, ಫ್ರೀಕ್ವೆನ್ಸಿ ಏರಿದಷ್ಟೂ ಕರೆಂಟ್ ತಂತಿ ಹೊರಮೈಗೇ ಸರಿಯುತ್ತೆ. ತಾಮ್ರದಲ್ಲಿ 1 ಮೆಗಾಹರ್ಟ್ಸ್‌ಗೆ ಕರೆಂಟ್ ಹೋಗೋ ಆಳ ಸುಮಾರು 66 ಮೈಕ್ರಾನ್, 100 ಮೆಗಾಹರ್ಟ್ಸ್‌ಗೆ 6.6, 250ಕ್ಕೆ 4 ಚಿಲ್ಲರೆ. ನಿಮ್ಮ ಎಳೆ 200 ಮೈಕ್ರಾನ್ ದಪ್ಪ. ಅಂದ್ರೆ ನಡುವಿನ ಎಳೆ ಕೆಲಸಕ್ಕೇ ಬರಲ್ಲ, ಮದುವೆ ಮನೇಲಿ ಮೂಲೆ ಸೋಫಾ ಹಿಡಿದ ಚಿಕ್ಕಪ್ಪನ ಥರ, ಲೆಕ್ಕದಲ್ಲಿ ಇದಾರೆ ಅಷ್ಟೇ. ಹೊರಗಿನ ಆರರಲ್ಲೂ ಹೊರಮೈ ಮಾತ್ರ, ಅದರಲ್ಲೂ ಎರಡು ಎಳೆ ನಡುವಿನ ಕಣಿವೆಗೆ ಕರೆಂಟ್ ಇಳಿಯಲ್ಲ, ಉಬ್ಬಿನ ನೆತ್ತಿ ಮೇಲೇ ಗುಂಪು ಕಟ್ಟುತ್ತೆ. ಜೊತೆಗೆ ಎಳೆ ಸುತ್ತಿಕೊಂಡು ಹೋಗೋದ್ರಿಂದ ದಾರಿ ಸ್ವಲ್ಪ ಉದ್ದ. ಎಳೆಯಿಂದ ಎಳೆಗೆ ಹಾರ್ಬೇಕಂದ್ರೆ ನಡುವಿನ ಆಕ್ಸೈಡ್ ದಾಟ್ಬೇಕು. ಇವೆಲ್ಲ ಕೂಡಿ ಆ 20 ಪರ್ಸೆಂಟ್.

160ರ ಸ್ಪೈಕ್ ಬೇರೆ ಕಥೆ, ಅದು ಕಂಡಕ್ಟರ್ ಡಿಸೈನ್‌ದಲ್ಲ, ಯಾವುದೋ ಮಷೀನ್ ಬಿಟ್ಟಿರೋ ಗುರುತು. ಕೇಬಲ್ ಉದ್ದಕ್ಕೂ ಒಂದೇ ಅಂತರದಲ್ಲಿ ಒಂದು ಸಣ್ಣ ದೋಷ ಮತ್ತೆ ಮತ್ತೆ ಬಂದ್ರೆ, ಒಂದೊಂದರ ಪ್ರತಿಫಲನ ಅಳೆಯೋಕೂ ಆಗದಷ್ಟು ಚಿಕ್ಕದಿದ್ರೂ, ಅರ್ಧ ತರಂಗ ಆ ಅಂತರಕ್ಕೆ ಸರಿಯಾಗಿ ಕೂರೋ ಫ್ರೀಕ್ವೆನ್ಸೀಲಿ ಎಲ್ಲಾ ಒಂದರ ಮೇಲೊಂದು ಕೂಡ್ಕೊಳ್ತವೆ. ಸಿಗ್ನಲ್ ವೇಗ ಬೆಳಕಿನ 0.68 ಅಂತಿಟ್ಕೊಳ್ಳಿ, ಸೆಕೆಂಡಿಗೆ 20.4 ಕೋಟಿ ಮೀಟರ್, ಅದನ್ನ 160 ಮೆಗಾಹರ್ಟ್ಸ್‌ನ ಎರಡರಷ್ಟರಿಂದ ಭಾಗ್ಸಿ. ಬರೋದು 0.64 ಮೀಟರ್. ಪೇರ್ ತಿರುಚಿರೋದ್ರಿಂದ ಬಿಡಿ ತಂತಿ ಉದ್ದ ಕೇಬಲ್‌ಗಿಂತ ಮೂರ್ನಾಲ್ಕು ಪರ್ಸೆಂಟ್ ಜಾಸ್ತಿ, ಹಾಗಾಗಿ ತಂತಿ ಲೆಕ್ಕದಲ್ಲಿ 0.66. ಸುತ್ತಳತೆ 64ರಿಂದ 66 ಸೆಂಟಿಮೀಟರ್ ಇರೋ ಚಕ್ರ ನಿಮ್ಮ ಲೈನಲ್ಲಿ ಎಲ್ಲಿದೆ ಹುಡುಕಿ, ಅಂದ್ರೆ ಡಯಾ 200, 210 ಮಿಮೀ. ನಾಲ್ಕೂ ಪೇರ್‌ನಲ್ಲಿ ಇದೆ ಅಂದ್ರಿ, ಹಾಗಾದ್ರೆ ಒಂದು ಟ್ವಿಸ್ಟಿಂಗ್ ಮಷೀನ್ ಅಲ್ಲ, ಎಂಟೂ ತಂತಿ ಹಾದು ಬಂದ ಜಾಗ.

---

ಪೀಣ್ಯ_ಹುಡುಗ

ಮೇಡಂ ಏನ್ ಹೇಳ್ಲಿ, 89 ಅಂತ ನೀವು ಕಾಗದದ ಮೇಲೆ ತಂದ್ಬಿಟ್ರಲ್ಲ, ನಮ್ ಅನಲೈಸರ್ ಬಾಡಿಗೆಗೆ ದಿನಕ್ಕೆ ಎಷ್ಟು ಕೊಡ್ತಿದೀವಿ ಅಂತ ನೆನೆಸ್ಕೊಂಡೆ 😅. ಓನರ್‌ಗೆ ತೋರ್ಸಿದೆ, "ಹಂಗಾದ್ರೆ ಇನ್ಸುಲೇಶನ್ ದಪ್ಪ ಮಾಡು" ಅಂದ್ರು. 1.8 ಅನುಪಾತಕ್ಕೆ 0.57ಕ್ಕೆ 1.02 ಮಿಮೀ ಚಿಲ್ಲರೆ ಬರುತ್ತೆ. ಅಷ್ಟು ಮಾಡಿದ್ರೆ ಆಯ್ತಾ? ಚಕ್ರ ನಾಳೆ ಹುಡುಕ್ತೀನಿ, ಇವತ್ತು ಲೈನ್ ಓಡ್ತಿದೆ ನಿಲ್ಲಿಸೋ ಹಾಗಿಲ್ಲ.

---

ರ್‍ಯಾಕ್_ರಂಗ

1.02 ಮಿಮೀ ಅಂದ್ಯಾ? ನಗು ಬಂತು. ಆರ್‌ಜೆ 45 ಪ್ಲಗ್‌ನಲ್ಲಿ ಪಿನ್ನಿಂದ ಪಿನ್ನಿಗೆ ದೂರ ಎಷ್ಟು ಗೊತ್ತಾ, ಅದೇ 1.02 ಮಿಮೀ. ಎಂಟು ತಂತಿ ಒಂದೇ ಸಾಲಲ್ಲಿ ಕೂರಿಸೋಕೆ ಹೋದ್ರೆ ಬಿಎಂಟಿಸಿ ಬಸ್ಸಲ್ಲಿ ಬೆಳಿಗ್ಗೆ ಒಂಬತ್ತು ಗಂಟೆಗೆ ನಿಂತ ಹಾಗೆ, ಒಬ್ಬರಿಗೊಬ್ಬರು ಅಂಟ್ಕೊಂಡು, ನಡುವೆ ಪ್ಲಾಸ್ಟಿಕ್ ಗೋಡೆಗೆ ಜಾಗಾನೇ ಇಲ್ಲ. ಅದಕ್ಕೇ ಕ್ಯಾಟ್ 6 ಪ್ಲಗ್‌ಗಳಲ್ಲಿ ನಾಲ್ಕು ಮೇಲೆ ನಾಲ್ಕು ಕೆಳಗೆ ಅಂತ ತೂತು ಇರೋ ಪುಟ್ಟ ಬಾರ್ ಬರುತ್ತೆ. ನಿನ್ನ ಗಿರಾಕಿ ಯಾವ ಪ್ಲಗ್ ಹಾಕ್ತಾನೆ ಮೊದ್ಲು ಕೇಳು, ಆಮೇಲೆ ಡೈ ಮಾಡ್ಸು.

ಪ್ಲಗ್ ಪಿನ್ ಬಗ್ಗೇನೂ ಕೇಳ್ಕೋ. ಸ್ಟ್ರಾಂಡೆಡ್‌ಗೆ ಅಂತ ಇರೋ ಪಿನ್ ಎಳೆಗಳ ನಡುವೆ ಚುಚ್ಕೊಂಡು ಹೋಗುತ್ತೆ, ಸಾಲಿಡ್‌ದು ಮೂರು ಹಲ್ಲಿನದು, ತಂತಿ ಆಚೀಚೆ ಹಿಡ್ಕೊಳ್ಳುತ್ತೆ. ಅದಲು ಬದಲಾದ್ರೆ ಮೊದಲ ದಿನ ಲಿಂಕ್ ಬರುತ್ತೆ, ಆರು ತಿಂಗಳಿಗೆ ಗಿರಾಕಿ ಫೋನ್ ಬರುತ್ತೆ.

---

ಸಿಗ್ನಲ್_ಸುಮಾ



ಪ್ಲಗ್ ಕಾರಣಕ್ಕೇ ಮಾರ್ಕೆಟಲ್ಲಿ ಎರಡು ದಾರಿ ಇದೆ. ಒಂದು, 24 ಗೇಜ್ ಬಿಟ್ಟು 26ಕ್ಕೆ ಇಳಿಯೋದು, 0.16 ಮಿಮೀ 7 ಎಳೆ. ಕಟ್ಟು 0.48, ಲೆಕ್ಕಕ್ಕೆ 0.45, ಇನ್ಸುಲೇಶನ್ 0.81 ಸಾಕು, ಯಾವ ಪ್ಲಗ್‌ಗಾದ್ರೂ ಸಲೀಸು. ಬೆಲೆ ಏನಂದ್ರೆ ರಂಗ ಹೇಳಿದ 1.5 ಪಟ್ಟು ಲಾಸ್ ಮತ್ತೆ ಡಿಸಿ ರೆಸಿಸ್ಟೆನ್ಸ್, ಕಿಲೋಮೀಟರ್‌ಗೆ 84 ಓಮ್ ಇದ್ದದ್ದು 134ಕ್ಕೆ ಏರುತ್ತೆ. ಎರಡು ಮೂರು ಮೀಟರ್ ಕಾರ್ಡ್‌ಗೆ ಅದು ಲೆಕ್ಕಕ್ಕಿಲ್ಲ, ಹಾಗಾಗಿ ಸುಮಾರು ಜನ ಇದೇ ದಾರಿ ಹಿಡೀತಾರೆ.

ಇನ್ನೊಂದು, 24 ಗೇಜೇ ಇಟ್ಕೊಂಡು ಇನ್ಸುಲೇಶನ್ ಒಳಪದರ ನೊರೆ ಮಾಡೋದು, ಹೊರಗೆ ತೆಳು ಗಟ್ಟಿ ಪದರ. ನೊರೆಲಿ ಗಾಳಿ ಇರೋದ್ರಿಂದ ಡೈಎಲೆಕ್ಟ್ರಿಕ್ (ಇನ್ಸುಲೇಶನ್ ವಿದ್ಯುತ್ ಕ್ಷೇತ್ರ ಹಿಡಿದಿಡೋ ಗುಣ, ಇದು ಇಳಿದ್ರೆ ಇಂಪೀಡೆನ್ಸ್ ಏರುತ್ತೆ) ಇಳಿಯುತ್ತೆ, 0.95ರ ಹತ್ರಾನೇ 100 ಓಮ್ ಸಿಗುತ್ತೆ. ಆದ್ರೆ ಇನ್ಸುಲೇಶನ್ ಹಾಕೋ ನಿಮ್ಮ ಎಕ್ಸ್‌ಟ್ರೂಡರ್‌ಗೆ ಅದು ಆಗುತ್ತಾ ಗೊತ್ತಿಲ್ಲ, ನೊರೆ ಮೆತ್ತಗೆ ಬೇರೆ, ಪೇರ್ ತಿರುಚುವಾಗ ಚಪ್ಪಟೆ ಆಗ್ಬಿಟ್ರೆ ಮತ್ತೆ ಇಂಪೀಡೆನ್ಸ್ ಕುಣಿಯುತ್ತೆ. ನಾನಾಗಿದ್ರೆ ಮೊದಲ ಆರ್ಡರ್‌ಗೆ 26 ಗೇಜೇ ಮಾಡ್ತಿದ್ದೆ.

---

ಹಳೇ_ಬಂಚರ್

ನಮಸ್ಕಾರ್ರೀ. ನಾ ಹುಬ್ಬಳ್ಳಿ ಕಡೆಯಾಂವ, ಇಪ್ಪತ್ತೆರಡ ವರ್ಷ ಬಂಚಿಂಗ್ ಮಷೀನ್ ಮ್ಯಾಲೆ ಕೆಲಸಾ ಮಾಡೀನಿ, ಈಗ ರಿಟೈರ್ ಆಗೀನಿ. ಮೇಡಂ ಅವ್ರು ಲೆಕ್ಕಾ ಛಲೋ ಹೇಳ್ಯಾರ, ಆದ್ರ ಆ ಲೆಕ್ಕದಾಗ ಆರ ಎಳಿ ಒಂದರ ಸುತ್ತ ಶಿಸ್ತಿಲೆ ಕುಂತಾವ ಅಂತ ಹಿಡ್ದಾರ. ಹಂಗ ಕುಂತಿರ್ತಾವೇನ್ರಿ? ಬಂಚರ್‌ದಾಗ ಏಳೂ ಎಳಿ ಒಟ್ಟಿಗಿ ಒಂದ ಡೈಯೊಳಗ ಬಿಟ್ಟ ತಿರುವಿದ್ರ ಯಾವ ಎಳಿ ನಡುವ ಹೋಗ್ತದ, ಯಾವುದು ಹೊರಗ ಬರ್ತದ ಅಂತ ದೇವರಿಗೇ ಗೊತ್ತ. ಮನಿ ವೈರಿಗೆ ಅದು ನಡೀತದ. ಡೇಟಾ ಕೇಬಲ್‌ಗೆ ನಡ್ಯಂಗಿಲ್ಲ. ನಡುವಿನ ಎಳಿ ಹೊರಗ ಜಿಗದ್ರ ಆ ಜಾಗಾದಾಗ ಕಟ್ಟು ಗುಂಡಗಿರೂದಿಲ್ಲ, ಇನ್ಸುಲೇಶನ್ ಒಂದ ಕಡೆ ತೆಳ್ಳಗ ಆಗ್ತದ.

ಅದಕ್ಕ ತಮ್ಮಾ, ಡೈಯಿಂದ ಒಂದ ಗೇಣು ಹಿಂದ ಒಂದ ತಟ್ಟಿ ಹಾಕ್ಸು, ನಡುವ ಒಂದ ತೂತು, ಸುತ್ತ ಆರು. ನಡುವಿಂದು ನಡುವನ ಹೋಗ್ಲಿ. ಬಾಬಿನ್ ಒಂದೊಂದರ ಟೆನ್ಶನ್ ಕೈಲೆ ಮುಟ್ಟಿ ನೋಡು, ಒಂದ ಬಿಗಿ ಒಂದ ಸಡ್ಲ ಇದ್ರ ಸಡ್ಲಿದ್ದದ್ದು ಮ್ಯಾಲೆ ಏಳ್ತದ.

ಇನ್ನೊಂದ ಮಾತು ಯಾರೂ ಹೇಳಂಗಿಲ್ಲ. ಎಳಿ ಓರಿ ಆಗಿ ಸುತ್ತೋದ್ರಿಂದ ಅಡ್ಡ ಕೊಯ್ದು ನೋಡಿದ್ರ ಅದು ಗುಂಡ ಇರೂದಿಲ್ಲ, ಸ್ವಲ್ಪ ಮೊಟ್ಟಿ ಆಕಾರ. 0.20 ಎಳಿ 10 ಮಿಮೀ ಲೇ (ಒಂದ ಪೂರ್ತಿ ಸುತ್ತಿಗೆ ಹಿಡಿಯೋ ಉದ್ದ) ಒಳಗ ತಿರುವಿದ್ರ ಅಗಲ 0.8 ಪರ್ಸೆಂಟ್ ಹೆಚ್ಚಾಗ್ತದ. ಹಂಗಾದ್ರ ಅಳತಿ ಒಂದ ಇರೋ ಆರ ಎಳಿ ಒಂದರ ಸುತ್ತ ಪೂರ್ತಿ ಕುಂಡ್ರಂಗಿಲ್ಲ, ಒಂದಕ್ಕೊಂದ ಒತ್ತಿ ಒಂದು ಹೊರಗ ಏಳಾಕ ನೋಡ್ತದ. ಲೇ ಎಷ್ಟ ಸಣ್ಣ ಮಾಡ್ತೀರಿ ಅಷ್ಟ ಜಾಸ್ತಿ. ಸೇತುವೆಗೆ ಹಾಕೋ ಏಳ ತಂತಿ ಉಕ್ಕಿನ ಹಗ್ಗ ನೋಡ್ರಿ, ಅದರಾಗ ನಡುವಿನ ತಂತಿ ಬೇಕಂತ ಒಂದೆರಡ ಪರ್ಸೆಂಟ್ ದಪ್ಪ ಇಟ್ಟಿರ್ತಾರ, ಇದಕ್ಕ. ನಿನಗ ಅಷ್ಟ ಮಾಡೂದು ಬ್ಯಾಡ, ಲೇ ಭಾಳ ಸಣ್ಣ ಮಾಡಬ್ಯಾಡ ಸಾಕು.

ಕಡೀ ಮಾತು, ಬಂಚ್ ತಿರುವಿದ ದಿಕ್ಕು ಪೇರ್ ತಿರುವೋ ದಿಕ್ಕು ನೋಡಿ ಇಡು. ಬ್ಯಾಕ್‌ಟ್ವಿಸ್ಟ್ (ತಂತಿಗೆ ಉಲ್ಟಾ ತಿರುವು ಕೊಡೂ ಏರ್ಪಾಡು) ಇಲ್ಲದ ಮಷೀನ್‌ದಾಗ ಪೇರ್ ತಿರುವುವಾಗ ಒಂದೊಂದ ತಂತೀನೂ ತಾನೂ ತಿರುಗ್ತದ. ಎಳಿ ಲೇ 10 ಮಿಮೀ ಅಂದ್ರ ಮೀಟರ್‌ಗೆ 100 ಸುತ್ತು, ಪೇರ್ ಲೇ 12 ಅಂದ್ರ 83 ಸುತ್ತು. ಉಲ್ಟಾ ದಿಕ್ಕಿದ್ರ 100ರಾಗ 83 ಬಿಚ್ಚಾಕ ನೋಡ್ತದ. ಇನ್ಸುಲೇಶನ್ ಬಿಗಿ ಹಿಡ್ಕೊಂಡಿರ್ತದ ಖರೆ, ಪೂರ್ತಿ ಬಿಚ್ಚಂಗಿಲ್ಲ, ಆದ್ರ ಒಳಗ ಎಳಿ ಸಡ್ಲಾಗಿ ಆ ತಂತಿ ಸುಮ್ನ ಕುಂಡ್ರಂಗಿಲ್ಲ.

---

ಶಾರ್ಟ್‌ವೇವ್_ಶೆಟ್ಟಿ

ಒಂದು ಅಡ್ಡ ಪ್ರಶ್ನೆ. ಸ್ಕಿನ್ ಎಫೆಕ್ಟೇ ಸಮಸ್ಯೆ ಅಂದ್ರೆ ಲಿಟ್ಜ್ ವೈರ್ ಥರ ಒಂದೊಂದು ಎಳೆಗೂ ಎನಾಮಲ್ ಹಾಕ್ಬಾರ್ದಾ? ಹಳೇ ರೇಡಿಯೋದ ಫೆರೈಟ್ ಕಡ್ಡಿ ಮೇಲೆ ಅದೇ ತಾನೇ ಸುತ್ತಿರ್ತಾರೆ, ಅದರಿಂದ್ಲೇ ಸ್ಟೇಷನ್ ಚೆನ್ನಾಗಿ ಎಳೆಯುತ್ತೆ. ಇಲ್ಲಾಂದ್ರೆ ತವರ ಲೇಪಿಸಿದ ತಾಮ್ರ?

---

ಸಿಗ್ನಲ್_ಸುಮಾ

ಒಳ್ಳೆ ಪ್ರಶ್ನೆ ಶೆಟ್ರೇ. ಲಿಟ್ಜ್ ಕೆಲಸ ಮಾಡ್ಬೇಕಂದ್ರೆ ಎಳೆ ಸ್ಕಿನ್ ಆಳಕ್ಕಿಂತ ಸಣ್ಣ ಇರ್ಬೇಕು. ಬೆಂಗಳೂರು ಆಕಾಶವಾಣಿ 612 ಕಿಲೋಹರ್ಟ್ಸ್, ಅಲ್ಲಿ ಸ್ಕಿನ್ ಆಳ 84 ಮೈಕ್ರಾನ್, 50 ಮೈಕ್ರಾನ್ ಎಳೆ ಆರಾಮಾಗಿ ಸಿಗುತ್ತೆ, ಹಾಗಾಗಿ ನಿಮ್ಮ ಫೆರೈಟ್ ಕಡ್ಡಿಗೆ ಅದು ಸರಿ. 100 ಮೆಗಾಹರ್ಟ್ಸ್‌ಗೆ 6.6 ಮೈಕ್ರಾನ್‌ಗಿಂತ ಸಣ್ಣ ಎಳೆ ಬೇಕು, ತಲೆಕೂದಲ ಹತ್ತನೇ ಒಂದು ಪಾಲು, ಅದಕ್ಕೆ ಎನಾಮಲ್ ಹಾಕಿ ನೂರಾರು ಸೇರಿಸೋದು ಯಾರ ಕೈಲೂ ಆಗೋ ಮಾತಲ್ಲ. ಆದ್ರೂ ಎಳೆ ಎಳೆ ನಡುವಿನ ಕೆಪಾಸಿಟೆನ್ಸ್ ಮೂಲಕ ಕರೆಂಟ್ ನುಸುಳಿ ಹೊರಗೇ ಓಡಿಬಿಡುತ್ತೆ. ಒಂದೆರಡು ಮೆಗಾಹರ್ಟ್ಸ್ ದಾಟಿದ್ಮೇಲೆ ಲಿಟ್ಜ್ ಮರೆತ್ಬಿಡಿ.

ತವರ ತುಕ್ಕು ಹಿಡಿಯೋದು ತಡೆಯುತ್ತೆ, ಸೋಲ್ಡರಿಂಗ್ ಸುಲಭ, ಆದ್ರೆ ಅದರ ರೆಸಿಸ್ಟಿವಿಟಿ ತಾಮ್ರದ ಸುಮಾರು ಏಳರಷ್ಟು, ಮತ್ತೆ ಅದು ಕೂರೋದು ಕರೆಂಟ್ ಓಡೋ ಹೊರಮೈ ಮೇಲೇ. ತೆಳ್ಳಗಿದ್ರೆ ಪರವಾಗಿಲ್ಲ, ಫ್ರೀಕ್ವೆನ್ಸಿ ಏರಿದಷ್ಟೂ ಕಚ್ಚುತ್ತೆ. ಬೆಳ್ಳಿ ತಾಮ್ರಕ್ಕಿಂತ ಒಂದು ಕೈ ಮೇಲು, ವಿಮಾನದ ಕೇಬಲ್‌ಗಳಲ್ಲಿ ಹಾಕ್ತಾರೆ, ಓನರ್ ಎದುರು ಮಾತ್ರ ಹೇಳ್ಬೇಡಿ.

ಅಲ್ಯೂಮಿನಿಯಂ ವಿಷ್ಯ ರಂಗ ಎತ್ತಿದ್ರಲ್ಲ, "ಸ್ಕಿನ್ ಎಫೆಕ್ಟ್ ಇದ್ಮೇಲೆ ಮೇಲೊಂದು ತಾಮ್ರದ ಪದರ ಸಾಕಲ್ವಾ" ಅಂತ ಮಾರೋರು ವಾದ ಮಾಡ್ತಾರೆ. ಸಾಲಿಡ್ 0.51 ತಂತೀಲಿ ಶೇಕಡಾ 10 ತಾಮ್ರ ಅಂದ್ರೆ ಪದರ 13 ಮೈಕ್ರಾನ್, ಅಲ್ಲಿ ಆ ವಾದಕ್ಕೆ ಅಷ್ಟೋ ಇಷ್ಟೋ ಜೀವ ಇದೆ. 0.20 ಎಳೇಲಿ ಅದೇ ಶೇಕಡಾ 10 ಬರೀ 5 ಮೈಕ್ರಾನ್, 100 ಮೆಗಾಹರ್ಟ್ಸ್‌ಗೂ ಸಾಲಲ್ಲ.

---

ಚೈನ್_ಕೇಬಲ್

ಇದೇ ಥ್ರೆಡ್ಡಲ್ಲಿ ಕೇಳ್ತೀನಿ. ನಮ್ಮದು ಪ್ಯಾಚ್ ಕಾರ್ಡ್ ಅಲ್ಲ, ಸಿಎನ್‌ಸಿ ಮಷೀನ್‌ನ ಡ್ರ್ಯಾಗ್ ಚೈನ್ (ಮಷೀನ್ ಜೊತೆ ಓಡಾಡೋ, ಕೇಬಲ್ ಹಿಡಿಯೋ ಸರಪಳಿ) ಒಳಗೆ ಈಥರ್ನೆಟ್ ಹಾಕ್ಬೇಕು, ದಿನಾ ಸಾವಿರಾರು ಸಲ ಮಡಚುತ್ತೆ. ಮಾಮೂಲಿ ಪ್ಯಾಚ್ ಕಾರ್ಡ್ ಹಾಕಿದ್ವಿ, ಮೂರು ತಿಂಗಳು ಬಾಳ್ತು. 7 ಸಾಕಾ 19 ಎಳೆ ಬೇಕಾ?

---

ಹಳೇ_ಬಂಚರ್

ಮಡಚಿದಾಗ ತಂತಿ ಹೊರಮೈ ಎಷ್ಟ ಹಿಗ್ಗತದ ಅನ್ನೂದು ಎಳಿ ದಪ್ಪ ಭಾಗಿಸು ಮಡಚಿದ ಸುತ್ತಿನ ಡಯಾ. 50 ಮಿಮೀ ಸುತ್ತಿಗೆ 0.51 ಸಾಲಿಡ್ ಅಂದ್ರ 1 ಪರ್ಸೆಂಟ್, ನಾಕ ದಿನಕ್ಕ ಕಡೀತದ. 0.20 ಎಳಿ 0.4 ಪರ್ಸೆಂಟ್. 19 ಎಳಿ ಮಾಡಿದ್ರ ಒಂದೊಂದು 0.127, ಅಂದ್ರ 0.25. ಸಣ್ಣ ಆದಷ್ಟೂ ಬಾಳಿಕಿ ಹೆಚ್ಚು. ಮೇಡಂ ಹೇಳಿದ 0.970 ನೋಡ್ರಿ, 19 ಎಳಿ ಗುಂಡಗೂ ಇರ್ತದ. ಆದ್ರ ಬಾಬಿನ್ 19, ಎಳಿ ಹರಿಯೂದು ಹೆಚ್ಚು, ರೇಟೂ ಹೆಚ್ಚು. ಪ್ರೊಫಿನೆಟ್ (ಫ್ಯಾಕ್ಟರಿ ಮಷೀನಿನ ಈಥರ್ನೆಟ್) ಕೇಬಲ್‌ದಾಗ ಇದನ್ನ ಮೊದಲ ವಿಂಗಡ್ಸ್ಯಾರ: ಟೈಪ್ ಎ ಸಾಲಿಡ್, ಒಂದ ಕಡೆ ಸುಮ್ನ ಕುಂಡ್ರಾಕ, ಟೈಪ್ ಬಿ ಏಳ ಎಳಿದು, ಆಗೊಮ್ಮೆ ಈಗೊಮ್ಮೆ ಅಳ್ಳಾಡಾಕ, ಟೈಪ್ ಸಿ ಸತತ ಓಡಾಡೂ ಚೈನಿಗೆ. ನೀವು ಟೈಪ್ ಸಿ ಕೇಳಿ ತಗೊಳ್ರಿ, ಪ್ಯಾಚ್ ಕಾರ್ಡ್ ಅಲ್ಲಿಗೆ ಹುಟ್ಟಿದ್ದಲ್ಲ.

---

ಪೀಣ್ಯ_ಹುಡುಗ

ಸಿಕ್ತು!! ಸ್ವಲ್ಪ ಲೇಟಾಯ್ತು ಉತ್ತರ ಕೊಡೋಕೆ, ಹತ್ತು ದಿನ ಲೈನ್ ಮೇಲೇ ಇದ್ದೆ.

ಟೇಪ್ ಹಿಡ್ಕೊಂಡು ಎಕ್ಸ್‌ಟ್ರೂಡರ್ ಲೈನಿನ ಎಲ್ಲಾ ಚಕ್ರ ಅಳೆದೆ. ಕ್ಯಾಪ್‌ಸ್ಟನ್ (ತಂತಿ ಎಳೆಯೋ ಚಕ್ರ) 400, ತಂತಿ ಬಿಚ್ಚೋ ಪೇಆಫ್ ಕಡೆದು 150, ನೀರಿನ ತೊಟ್ಟಿಯ ಆ ತುದೀಲಿ ತಂತಿ ವಾಪಸ್ ತಿರುಗೋ ಪುಲ್ಲಿ 208 ಮಿಮೀ. ಸುಮಾ ಮೇಡಂ ಹೇಳಿದ 200, 210 ಒಳಗೆ. ಲೈನ್ ನಿಲ್ಸಿ ಗ್ರೂವ್ ಒಳಗೆ ಬೆರಳಾಡಿಸಿದ್ರೆ ಒಂದು ಜಾಗದಲ್ಲಿ ಗಂಟು ಕೈಗೆ ಸಿಗುತ್ತೆ, ಯಾರೋ ಯಾವ ಕಾಲದಲ್ಲೋ ಬಿರುಕಿಗೆ ವೆಲ್ಡಿಂಗ್ ಮಾಡಿ ಸರಿಯಾಗಿ ಉಜ್ಜದೆ ಬಿಟ್ಟಿದಾರೆ. ತಂತಿ ಅಲ್ಲಿಗೆ ಬರೋ ಹೊತ್ತಿಗೆ ಇನ್ಸುಲೇಶನ್ ಮೇಲೆ ತಣ್ಣಗಾಗಿದ್ರೂ ಒಳಗೆ ಇನ್ನೂ ಮೆತ್ತಗೆ, ಪುಲ್ಲಿ ಒಂದು ಸುತ್ತು ತಿರುಗಿದ್ರೆ ಒಂದು ಚಿವುಟು. ನಮ್ಮ ಲೇಸರ್ ಡಯಾ ಗೇಜ್ ಇರೋದು ತೊಟ್ಟಿಗಿಂತ ಮೊದ್ಲು, ಹಾಗಾಗಿ ಅದರ ಸ್ಕ್ರೀನ್ ಮೇಲೆ ದಿನಾ ಗೆರೆ ಎಳೆದ ಹಾಗೆ 0.92, 0.92, 0.92.

ಮೂರು ವರ್ಷದಿಂದ ಕ್ಯಾಟ್ 5ಇ ಪಾಸ್ ಆಗ್ತಿದ್ದದ್ದು ಯಾಕೆ ಅಂತ ಆಮೇಲೆ ಹೊಳೀತು. ಕ್ಯಾಟ್ 5ಇ ಟೆಸ್ಟ್ ಮಾಡೋದೇ 100 ಮೆಗಾಹರ್ಟ್ಸ್‌ವರೆಗೆ. 160ರಲ್ಲಿ ಏನಿದೆ ಅಂತ ನಾವ್ಯಾರೂ ನೋಡೇ ಇರ್ಲಿಲ್ಲ. ಗೋಡೌನಲ್ಲಿದ್ದ ಒಂದು ಹಳೇ ಬಾಕ್ಸ್ ತೆಗೆದು 250ರವರೆಗೆ ಓಡ್ಸಿದೆ, ಅಲ್ಲೇ ಕೂತಿದೆ ಸ್ಪೈಕ್, ಜಾಗ ಮಾತ್ರ ಕೂದಲೆಳೆಯಷ್ಟು ಆಚೀಚೆ.

ಪುಲ್ಲಿ ಹೊಸದು ಹಾಕಿದ್ವಿ, ಸ್ಪೈಕ್ ಮಾಯ. ಬಂಚರ್‌ಗೆ ತಟ್ಟಿ ಹಾಕ್ಸಿದೆ ಅಣ್ಣಾ, ಒಂದು ನಡುವೆ ಆರು ಸುತ್ತ, ಲೇತ್ ಅಂಗಡಿಯೋನು ಇದೇನು ಒರಳು ತಿರುವೋಕಾ ಅಂದ. ದಿಕ್ಕೂ ನೋಡಿದೆ, ನಮ್ದು ಉಲ್ಟಾನೇ ಇತ್ತು, ಬಂಚ್ ಒಂದ್ಕಡೆ ಪೇರ್ ಇನ್ನೊಂದ್ಕಡೆ, ಅದನ್ನೂ ಸರಿ ಮಾಡಿದೆ. ಗಿರಾಕಿ ಪ್ಲಗ್ ಸಾಮಾನ್ಯದ್ದೇ, ಒಂದೇ ಸಾಲಿನದು, ಹಾಗಾಗಿ 26 ಗೇಜ್, ಇನ್ಸುಲೇಶನ್ 0.81. ಇಂಪೀಡೆನ್ಸ್ 98ರಿಂದ 101.

ಒಂದೇ ಕಿರಿಕ್ ಉಳಿದಿದೆ. ಕಂದು ಪೇರ್ ಮಾತ್ರ ಉಳಿದ ಮೂರಕ್ಕಿಂತ 2 ಓಮ್ ಕಮ್ಮಿ ಬರ್ತಿದೆ, ಸ್ಪೈಕ್ ಇಲ್ಲ, ಇಡೀ ಉದ್ದಕ್ಕೂ ಒಂದೇ ಥರ ಕಮ್ಮಿ. ಲಿಮಿಟ್ ಒಳಗಿದೆ, ಆದ್ರೆ ಯಾಕೆ ಅಂತ ಗೊತ್ತಾಗದೆ ನಿದ್ದೆ ಬರಲ್ಲ.

---

ಹಳೇ_ಬಂಚರ್

ಕಂದು ಬಣ್ಣದ ಮಾಸ್ಟರ್‌ಬ್ಯಾಚ್ ಎಷ್ಟ ಹಾಕ್ತೀ? ಬಣ್ಣ ಹೆಚ್ಚಾದ್ರ ಡೈಎಲೆಕ್ಟ್ರಿಕ್ ಏರ್ತದ. ಕಂದು ಕಡಿಮಿ ಮಾಡಿ ಒಂದ ಬಾಬಿನ್ ಎಳದ ನೋಡು. ಅದೂ ಅಲ್ಲಂದ್ರ ಆ ಪೇರ್‌ನ ಲೇ ಉಳದ ಮೂರಕ್ಕಿಂತ ಸಣ್ಣ ಇದ್ದೀತು, ಬಿಗಿ ತಿರುವಿದ್ದಕ್ಕ ಎರಡ ತಂತಿ ಒತ್ತಿ ಹತ್ರ ಬಂದಿರ್ತಾವ. ಸ್ಕೇಲ್ ಹಿಡದು ಎಣಿಸು, ನಾಳಿ ಹೇಳು.

---

ಪೀಣ್ಯ_ಹುಡುಗ

ಎಣಿಸ್ದೆ ಅಣ್ಣಾ, ಕಂದು ಪೇರೇ ಎಲ್ಲಕ್ಕಿಂತ ಬಿಗಿ. ಅದರ ಟೆನ್ಶನ್ ಸ್ವಲ್ಪ ಇಳ್ಸಿ ನಾಳೆ ಬೆಳಿಗ್ಗೆ ಶಿಫ್ಟಲ್ಲಿ ಒಂದು ಡ್ರಮ್ ಎಳೀತೀವಿ.